ಯಶೋಧರಾ ಅವರ ಮನೆ ಯಾವುದು?

ಬಿಕ್ಕೋಡಿನ ತಮ್ಮಯ್ಯನ ಹೆಂಡತಿ ಬೌದ್ಧ ದೀಕ್ಷೆ ತೆಗೆದುಕೊಂಡ ದಿನವೇ ದ್ಯಾವಮ್ಮ ಎಂಬ ಹೆಸರು ಬಿಟ್ಟು ಯಶೋಧರಾ ಆಗಿದ್ದಳು. ಊರಿಗೆ ಮಾತ್ರ ಅವಳು ಇನ್ನೂ ದ್ಯಾವಿ. ತಮ್ಮಯ್ಯನಂತೂ ಮದುವೆಯಾದಾಗಿನಿಂದ ‘ಇವಳೇ’ ಎಂದು ಕರೆದೇ ಕಾಲ ತಳ್ಳಿದ್ದ. ಈಗ ಬೇಲೂರಿನ ಬೌದ್ಧ ಬಂಧುಗಳು ಶ್ರೀಲಂಕಾದ ಬೋಧಿವೃಕ್ಷ ನೋಡಲು ಹೊರಟಿದ್ದರು. ಅವಳೂ ಹೊರಟಳು. ಪಾಸ್‌ಪೋರ್ಟ್ ಬೇಕಿತ್ತು, ಮನೆಯ ಕಾಗದಗಳಲ್ಲೆಲ್ಲ ಹಳೆಯ ಹೆಸರೇ ಇತ್ತು.

“ಹಳೇ ಹೆಸ್ರಲ್ಲೇ ಹೋಗ್ಬಾ. ಬುದ್ಧ ಏನು ಹೆಸ್ರು ಕೇಳ್ತಾನಾ?” ಎಂದ ತಮ್ಮಯ್ಯ.

“ದ್ಯಾವಿ ಅಂತ ಕರ್ದೋರು ನನ್ನನ್ನ ತಮ್ಮ ಜಗಲಿ ಹತ್ತಿಸ್ಲಿಲ್ಲ. ಆ ಹೆಸ್ರು ಹೊತ್ಕೊಂಡು ಅಲ್ಲಿಗೆ ಹೋಗಾಕಿಲ್ಲ ಕಣ್ರೀ.”

ಪಾಸ್‌ಪೋರ್ಟಿನಲ್ಲಿ ಹಳೆಯ ಹೆಸರು, ಟಿಕೆಟ್ಟಿನಲ್ಲಿ ಹೊಸದು ಹಾಕಿಸಿ ದಾಟಿಸುತ್ತೇನೆಂದು ಒಬ್ಬ ದಲ್ಲಾಳಿ ಮೂಗಿಗೆ ತುಪ್ಪ ಸವರಿದ. ಅದನ್ನು ಕೇಳಿ ಅವಳ ಅಣ್ಣನ ಮಗಳು, ಬೇಲೂರಿನಲ್ಲಿ ಟೀಚರಾಗಿದ್ದ ಚಿತ್ರಾ, ತಲೆ ಚಚ್ಚಿಕೊಂಡಳು. ಎರಡರಲ್ಲೂ ಹೆಸರು ಒಂದೇ ಇರದಿದ್ದರೆ ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸುತ್ತಾರೆ ಎಂದಳು. ಹೆಸರು ಬದಲಾದದ್ದಕ್ಕೆ ಅಫಿಡವಿಟ್ ಮಾಡಿಸಬೇಕು, ಎರಡು ದಿನಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಅರ್ಜಿಯಲ್ಲಿ ಹಳೆಯ ಹೆಸರನ್ನೂ ತಿಳಿಸಬೇಕು ಎಂದು ಬಿಡಿಸಿ ಹೇಳಿದಳು.

“ಹೆಸ್ರು ಬದಲಾಯಿಸ್ಕೊಳ್ಳೋದು ತಪ್ಪಲ್ಲ ಅತ್ತೆ. ಮುಚ್ಚಿಡೋದು ತಪ್ಪು.”

ಇದೆಲ್ಲ ಯಾಕೆ ಬೇಕಿತ್ತು ಎಂದು ತಮ್ಮಯ್ಯ ಗೊಣಗಿದ. ಅವಳು ಕಿವಿಗೆ ಹಾಕಿಕೊಳ್ಳದೆ ಬೇಲೂರು, ಹಾಸನ ಎಂದು ಓಡಾಡಿ ಎಲ್ಲವನ್ನೂ ಮಾಡಿಸಿದಳು.

ಆಮೇಲೆ ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸ್ ಪೇದೆ ಬಂದ. ಅವಳು ಕಾಫಿತೋಟದ ಕೆಲಸಕ್ಕೆ ಹೋಗಿದ್ದಳು. ಯಶೋಧರಾ ಅವರ ಮನೆ ಯಾವುದು ಎಂದು ಪೇದೆ ಕೇಳಿದರೆ, ಆ ಹೆಸರಿನವರು ಈ ಬೀದಿಯಲ್ಲೇ ಇಲ್ಲ ಎಂದುಬಿಟ್ಟ ನೆರೆಮನೆಯ ಕೆಂಚಯ್ಯ. ಪಾಪ, ಅವನೇನೂ ಸುಳ್ಳು ಹೇಳಲಿಲ್ಲ. ಆ ಹೆಸರು ಅವನ ಕಿವಿಗೆ ಬಿದ್ದೇ ಇರಲಿಲ್ಲ. ಪೇದೆ ಬೈಕು ತಿರುಗಿಸಿದ. ತಮ್ಮಯ್ಯ ಮನೆಯೊಳಗಿನಿಂದ ಇದನ್ನು ಕೇಳಿಸಿಕೊಂಡ. ಆ ಹೆಸರಿನವರಿಲ್ಲ ಎಂದು ಪೇದೆ ಬರೆದುಬಿಟ್ಟರೆ ಹೆಂಡತಿ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು. ಪಂಚೆ ಎತ್ತಿಕಟ್ಟಿ ಓಡಿದ.

“ನಿಂತ್ಕೊಳ್ಳಿ ಸ್ವಾಮಿ. ಯಶೋಧರಾ ಅಂದ್ರೆ ನನ್ನ ಹೆಂಡ್ತಿ. ಇದೇ ಅವಳ ಮನೆ.”

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಪಾಸ್‌ಪೋರ್ಟ್ ಬಂತು. ಶ್ರೀಲಂಕಾದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಯಶೋಧರಾ ಎಂದು ಕೂಗಿದಾಗ ಅವಳು ತಲೆಯೆತ್ತಿ ಮುಂದೆ ಹೋದಳು, ಅವನು ಮುದ್ರೆ ಒತ್ತಿದ.

ಅಕ್ಕಂದಿರೇ, ಅಣ್ಣಂದಿರೇ, ಹೊರದೇಶಕ್ಕೆ ಹೊರಡುವ ಮುಂಚೆ ಪಾಸ್‌ಪೋರ್ಟಿನಲ್ಲೂ ಟಿಕೆಟ್ಟಿನಲ್ಲೂ ಒಂದೇ ಹೆಸರಿದೆಯೇ ನೋಡಿಕೊಳ್ಳಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಅವಧಿ ಇರಲಿ. ಆ ದೇಶಕ್ಕೆ ವೀಸಾ ಬೇಕೋ ಬೇಡವೋ ಮೊದಲೇ ವಿಚಾರಿಸಿ, ದಲ್ಲಾಳಿಯ ಮಾತು ನಂಬಿ ಕೂರಬೇಡಿ. ನೆರೆಹೊರೆಗೆ ನಿಮ್ಮ ಹೆಸರು ಗೊತ್ತಿರಲಿ. ಮತ್ತೆ ಗಂಡಸರೇ, ಹೆಂಡತಿಯನ್ನು ಅವಳ ಹೆಸರು ಹಿಡಿದು ಕರೆಯಿರಿ. ಪೊಲೀಸರು ಬಂದು ಕೇಳುವ ತನಕ ಕಾಯಬೇಡಿ.