ಇಪ್ಪತ್ತೊಂದು ದಿನದ ಬಾಯಿ

“ಬಾಯಿ ಬಿಡು. ಇನ್ನೂ ದೊಡ್ಡದು ಬಿಡು, ಬೇವರ್ಸಿ. ಹಾ ಅನ್ನು.”

ಪೂವಮ್ಮ ಹಾ ಅಂದಳು. ಧಣಿಗಳ ಕಾರ್ಯಸ್ಥ ಗುರುವಪ್ಪ ಮೂಗು ಮುಂದೆ ಚಾಚಿ ಮೂಸಿದ. ಮುಖ ಸಿಂಡರಿಸುವಂಥದ್ದೇನೂ ಸಿಗಲಿಲ್ಲ. ಅದೇ ಅವಳ ತಪ್ಪಾಯಿತು.

“ನಾತವೇ ಇಲ್ಲ. ಬೆಳಿಗ್ಗೆ ಕದ್ದು ಹಲ್ಲುಜ್ಜಿದ್ದಿ ಅಲ್ವಾ?”

“ಇಲ್ಲ ಗುರುವಪ್ಪಣ್ಣ. ಇವತ್ತಿಗೆ ಮೂರೇ ದಿನ. ನಾತ ಬರ್ಲಿಕ್ಕೂ ಸಮಯ ಬೇಕಲ್ಲ?”

ಹಿಂದೆ ಸಾಲಾಗಿ ನಿಂತಿದ್ದ ಹನ್ನೊಂದು ಮಂದಿ ಕಿಸಕ್ಕನೆ ನಕ್ಕರು. ಧಣಿಗಳ ಹತ್ತಿರ ಮಾತಾಡುವಾಗ ಉಸಿರು ತಾಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿಯಬೇಕಾದ ಜನ ಇವರು. ಈಗ ಅದೇ ಉಸಿರನ್ನು ಹುಡುಕಿಕೊಂಡು ಧಣಿಗಳ ಕಾರ್ಯಸ್ಥನ ಮೂಗೇ ದಿನಾ ಬೆಳಿಗ್ಗೆ ಅಂಗಳಕ್ಕೆ ಬರುತ್ತಿತ್ತು.

ಇದಕ್ಕೆಲ್ಲ ಕಾರಣ ಧಣಿ ಧರ್ಣಪ್ಪ ಹೆಗ್ಡೆಯ ಸ್ನೇಹಿತ, ಪೇಟೆಯ ಹಲ್ಲಿನ ಡಾಕ್ಟರ್ ಸುಬ್ಬಯ್ಯ. ಹಲ್ಲುಜ್ಜುವುದನ್ನು ನಿಲ್ಲಿಸಿದರೆ ವಸಡು ಎಷ್ಟು ದಿನಕ್ಕೆ ಬಾತು ರಕ್ತ ಸುರಿಸುತ್ತದೆಂದು ಪರದೇಶದಲ್ಲಿ ಯಾರೋ ಪರೀಕ್ಷೆ ಮಾಡಿದ್ದರಂತೆ. ಅದನ್ನೇ ಇಲ್ಲೂ ಇಪ್ಪತ್ತೊಂದು ದಿನ ಮಾಡಿ ನೋಡುವ ಆಸೆ ಅವರಿಗೆ. ಕಾಲೇಜು ಹುಡುಗರನ್ನು ಕೇಳಿದರೆ ಅಪ್ಪಂದಿರು ಸುಮ್ಮನಿರುತ್ತಾರೆಯೇ? ಹಾಗಾಗಿ ಧಣಿಯ ಊರು ಸಿದ್ಧಕಟ್ಟೆಗೆ ಬಂದರು. ಉಳಲಿಕ್ಕೆ ಕೋಣ ಕೊಟ್ಟಷ್ಟೇ ಸಲೀಸಾಗಿ ಧಣಿ ತನ್ನ ಒಕ್ಕಲುಗಳ ಹನ್ನೆರಡು ಬಾಯಿಗಳನ್ನು ಕೊಟ್ಟ. ಎಲ್ಲರದೂ ಚಾಲಗೇಣಿ, ಧಣಿ ಹೂಂ ಅಂದರೆ ಮಾತ್ರ ಮುಂದಿನ ವರ್ಷಕ್ಕೆ ಗದ್ದೆ. ಬಾಯಿ ಕೊಡದವನು ಗದ್ದೆ ಬಿಡಬೇಕು.

ಡಾಕ್ಟರು ಕೆಟ್ಟವರಲ್ಲ. ಪುಟ್ಟ ಕನ್ನಡಿ ಹಿಡಿದು, ಸಪೂರ ಸೂಜಿಯಿಂದ ವಸಡು ಕೆದಕಿ, “ಬಹಳ ಉತ್ತಮವಾದ ವಸಡು” ಎಂದು ಪುಸ್ತಕದ ಭಾಷೆಯಲ್ಲಿ ಹೊಗಳಿದರು. ಮುದುಕ ಹುಕ್ರಪ್ಪನ ಬಾಯಲ್ಲಿ ಐದೇ ಹಲ್ಲು ಕಂಡು ಅವನನ್ನು ಹಿಂದಕ್ಕೆ ಕಳಿಸಿ, ಬದಲಿಗೆ ಇನ್ನೊಬ್ಬನನ್ನು ತೆಗೆದುಕೊಂಡರು. ಹೀಗೆ ಧಣಿಯ ಒಕ್ಕಲಲ್ಲಿ ಹಲ್ಲುಜ್ಜುವ ಸ್ವಾತಂತ್ರ್ಯ ಉಳಿದದ್ದು ಹಲ್ಲಿಲ್ಲದವನಿಗೆ.

ಪೂವಮ್ಮ ಮೊದಲ ದಿನವೇ ತನ್ನ ಕಷ್ಟ ಹೇಳಿಕೊಂಡಿದ್ದಳು. ಅವಳು ಸೂಲಗಿತ್ತಿ. ಹುಟ್ಟಿದ ಮಗು ಅಳದಿದ್ದರೆ ಅದರ ಬಾಯಿಗೆ ಬಾಯಿ ಇಟ್ಟು ಉಸಿರು ಊದುವವಳು. ಮಾವಿನೆಲೆ ಮಡಚಿ, ಉಮಿ ಸುಟ್ಟ ಮಸಿಯಲ್ಲಿ ತಿಕ್ಕಿ ತೊಳೆಯದೆ ಆ ಬಾಯನ್ನು ಎಳೆಗೂಸಿಗೆ ಇಡುವುದು ಹೇಗೆ? ನಡುವೆ ಒಮ್ಮೆ ಉಜ್ಜಿದರೂ ಸಂಶೋಧನೆ ಹಾಳು ಎಂದು ಡಾಕ್ಟರು ತಲೆಯಾಡಿಸಿದ್ದರು.

ಒಂಬತ್ತನೇ ದಿನ ಹುಕ್ರಪ್ಪನ ಸೊಸೆಗೆ ಹೆರಿಗೆ ನೋವು ಬಂತು. ಒಂದು ಸಲ ಬಾಯಿ ತೊಳೆಯಲು ಬಿಡಿ ಎಂದು ಪೂವಮ್ಮ ಅಂಗಳದ ಆಚೆ ನಿಂತು ಬೇಡಿದಳು. ಧಣಿ ವೀಳ್ಯ ಜಗಿಯುತ್ತ, “ನಿಮ್ಮ ಮಕ್ಕಳು ಗಟ್ಟಿ ಮಾರಾಯ್ತಿ. ಊದದಿದ್ರೂ ಬದುಕ್ತವೆ” ಅಂದ. ಮಗು ಬದುಕಿತು, ನಿಜ. ನೀಲಿಗಟ್ಟಿದ್ದ ಅದರ ಅಂಗಾಲಿಗೆ ಹೊಡೆದು ಹೊಡೆದು ಅಳಿಸುವಷ್ಟರಲ್ಲಿ ಪೂವಮ್ಮನ ಜೀವ ಅರ್ಧವಾಗಿತ್ತು. ಅವತ್ತು ಅವಳಿಗೆ ತನ್ನ ಬಾಯಿಗಿಂತ ತನ್ನ ಹೆದರಿಕೆಯೇ ಹೆಚ್ಚು ಹೇಸಿಗೆ ಅನ್ನಿಸಿತು.

ಹದಿನೇಳನೇ ದಿನ ಮಧ್ಯಾಹ್ನ ಹನ್ನೆರಡು ಮಂದಿಯೂ ಗದ್ದೆಗೆ ಗೊಬ್ಬರ ಹೊರುತ್ತಿದ್ದಾಗ ಗುರುವಪ್ಪ ಮುಂಡು ಎತ್ತಿ ಕಟ್ಟಿ ಓಡಿ ಬಂದ. ಬಾಣಂತನಕ್ಕೆಂದು ತವರಿಗೆ ಬಂದ ಧಣಿಯ ಮಗಳು ಪದ್ಮಾಕ್ಷಿಗೆ ತಿಂಗಳು ಮೊದಲೇ ನೋವು ಬಂದಿತ್ತು. ಪೂವಮ್ಮ ಅಂಗಳಕ್ಕೆ ಬಂದು ಕೈಕಾಲು ತೊಳೆದು ನಿಂತಳು. ಉಳಿದ ಹನ್ನೊಂದು ಮಂದಿಯೂ ಅವಳ ಹಿಂದೆಯೇ ಬಂದರು. ಒಳಗೆ ಮಾತ್ರ ಹೋಗಲಿಲ್ಲ.

“ಎಂತ ನೋಡ್ತಿ? ಹಿಂದಿನ ಬಾಗಿಲಿಂದ ಹೋಗು,” ಧಣಿ ಕಿರುಚಿದ.

“ಇವತ್ತಿಗೆ ಹದಿನೇಳು ದಿನ ಧಣಿ. ವಸಡಲ್ಲಿ ರಕ್ತ ಉಂಟು. ದಿನ ತುಂಬದ ಕೂಸು. ಅಳದಿದ್ರೆ ಈ ಬಾಯಲ್ಲೇ ಊದುದಾ?”

ಬೇಗ ತೊಳೆದುಕೊಂಡು ಸಾಯಿ ಅಂದ ಧಣಿ. ತಾನೊಬ್ಬಳು ತೊಳೆಯುವುದಿಲ್ಲ, ಹನ್ನೆರಡು ಮಂದಿಯೂ ಇಲ್ಲೇ, ಈಗಲೇ ತೊಳೆಯಬೇಕು ಅಂದಳು ಪೂವಮ್ಮ. ಬಡವನ ಸಿಟ್ಟು ದವಡೆಗೆ ಮೂಲ ಎಂದು ಗಾದೆ. ಅವಳ ದವಡೆ ಹೇಗೂ ಹಾಳಾಗಿತ್ತು. ಧಣಿ ಅವಳ ಹುಟ್ಟನ್ನು, ಅವಳ ತಾಯಿಯ ಹುಟ್ಟನ್ನು ಬೈದ. ಒಳಗಿಂದ ಪದ್ಮಾಕ್ಷಿಯ ಚೀರಾಟ ಕೇಳಿತು. ಇನ್ನೊಂದು ಕೂಗು ಕೇಳಿದ್ದರೆ ಪೂವಮ್ಮ ಹಟ ಬಿಟ್ಟು ಒಳಗೆ ಓಡುತ್ತಿದ್ದಳು. ಪುಣ್ಯಕ್ಕೆ ಅದು ಧಣಿಗೆ ತಿಳಿಯಲಿಲ್ಲ.

ಧಣಿಯೇ ಕೈ ಎತ್ತಿ ಮಾವಿನ ಗೆಲ್ಲು ಬಗ್ಗಿಸಿ ಎಲೆ ಕಿತ್ತ. ಗುರುವಪ್ಪ ಅಡುಗೆಮನೆಯಿಂದ ಮಸಿ ತಂದ. ಗುಡಿಸಿ ಸಾರಿಸಿದ ಆ ಅಂಗಳದಲ್ಲಿ ಹನ್ನೆರಡು ಮಂದಿ ಹದಿನೇಳು ದಿನದ ಕೊಳೆಯನ್ನು ತಿಕ್ಕಿ ತಿಕ್ಕಿ ಉಗಿದರು. ಪೂವಮ್ಮ ಎಲ್ಲರಿಗಿಂತ ಮೊದಲು ಮುಗಿಸಿ ಒಳಗೆ ಹೋದಳು. ಮಗು ಅಳಲಿಲ್ಲ. ಅವಳು ಊದಿದಳು, ಮತ್ತೆ ಊದಿದಳು. ಮೂರನೆಯ ಸಲಕ್ಕೆ ಅದು ಮನೆ ಹಾರುವಂತೆ ಕೂಗಿತು.

ಅವಳು ಹೊರಗೆ ಬಂದಾಗ ಧಣಿಯ ಮುಖ ಅರಳಿತ್ತು. ಆದದ್ದು ಆಯಿತು, ಸುಬ್ಬಯ್ಯನಿಗೆ ಮಾತು ಕೊಟ್ಟಿದ್ದೇನೆ, ನಾಳೆಯಿಂದ ಪುನಃ ಒಂದನೇ ದಿನ ಅಂದ. ಗುರುವಪ್ಪ ಆಗಲೇ ಮೂಗು ಒರೆಸಿಕೊಳ್ಳುತ್ತಿದ್ದ.

ಪೂವಮ್ಮ ಜಗಲಿ ಹತ್ತಿ, ಧಣಿಯ ಕುರ್ಚಿಯ ಪಕ್ಕದಲ್ಲೇ ಕಾಲು ಇಳಿಬಿಟ್ಟು ಕುಳಿತಳು. ಅಂಗಳದಲ್ಲಿದ್ದ ಹನ್ನೊಂದು ಮಂದಿ ಉಸಿರು ಬಿಗಿಹಿಡಿದರು. ಅವಳು ಬಾಯಿಗೆ ಕೈ ಅಡ್ಡ ಹಿಡಿಯದೆ ಹೇಳಿದಳು.

“ನಾಳೆಯೂ ಉಜ್ಜುತ್ತೇವೆ ಧಣಿ. ಗದ್ದೆ ಬಿಡಿಸುದಾದ್ರೆ ಹನ್ನೆರಡು ಜನರದ್ದೂ ಒಟ್ಟಿಗೆ ಬಿಡಿಸಿ. ಮಳೆ ಬಂದ ಮೇಲೆ ಭತ್ತದ ನೇಜಿ ನೆಡ್ಲಿಕ್ಕೆ ಡಾಕ್ಟ್ರನ್ನು ಕರೆಯುವ.”