ನೆಲ್ಲಿಪಲ್ಕೆಯ ಆರು ವರ್ಷ

ಮಹಾಧರ್ಮಾಧ್ಯಕ್ಷ ಲ್ಯಾಂಬರ್ಟ್ ಸೆರಾವೊ ಅವರ ಎಪ್ಪತ್ತೆರಡು ವರ್ಷಗಳನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸುವ ಕೆಲಸ ವಿಲ್ಮಾಳ ಪಾಲಿಗೆ ಬಂತು. ಆ ಶುಕ್ರವಾರ ಅವರು ಒಮಾನಿನ ಸೊಹಾರ್‌ನ ಇಗರ್ಜಿಗೆ ಬರುವವರಿದ್ದರು. ಬಲಿಪೂಜೆ ಮುಗಿದ ಮೇಲೆ ಪಕ್ಕದ ಸಭಾಂಗಣದಲ್ಲಿ ಊರಿನ ಕನ್ನಡಿಗರೆಲ್ಲ ಸೇರಿ ಸನ್ಮಾನ ಮಾಡುವುದೆಂದು ನಿಶ್ಚಯವಾಗಿತ್ತು.

"ನಿಮ್ಮ ಊರಲ್ಲೇ ಆರು ವರ್ಷ ವಿಗಾರರಾಗಿದ್ದವರು ಮಾರಾಯ್ರೆ. ನಿಮಗಿಂತ ಚೆನ್ನಾಗಿ ಯಾರು ಹೇಳ್ತಾರೆ?" ಎಂದ ಮನೆಗೇ ಬಂದಿದ್ದ ಚರ್ಚ್ ಸಮಿತಿಯ ಕಾರ್ಯದರ್ಶಿ ಸ್ಟೀಫನ್.

"ಬೇರೆ ಯಾರಿಗಾದ್ರೂ ಕೊಡಿ."

ಒಳಗಿನಿಂದ ವಿಲ್ಮಾಳ ತಾಯಿ ಲಿಲ್ಲಿ ಕೂಗಿ ಹೇಳಿದಳು: "ಅವಳೇ ಓದ್ತಾಳೆ, ನೀವು ಬರ್ಕೊಳ್ಳಿ."

ಲಿಲ್ಲಿಗೆ ಎಪ್ಪತ್ತನಾಲ್ಕು. ಮಗಳು ಅಲ್ಯೂಮಿನಿಯಂ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷದಿಂದ ಅವಳ ಜೊತೆಯಲ್ಲೇ ಇದ್ದಳು. ತಮ್ಮೂರಿನ ಇಗರ್ಜಿ ನಡೆಸುತ್ತಿದ್ದ ವಿಗಾರರು ಆರ್ಚ್‌ಬಿಷಪ್ ಆದರೆಂಬುದು ಅವಳಿಗೆ ತನ್ನ ಮನೆಯವರೇ ಆದಷ್ಟು ಹೆಮ್ಮೆ. ಪ್ರತಿ ಕ್ರಿಸ್ಮಸ್‌ಗೆ ತಪ್ಪದೆ ಅವರಿಗೆ ಕಾರ್ಡ್ ಕಳಿಸುತ್ತಿದ್ದಳು. ಉತ್ತರ ಒಂದು ಸಲವೂ ಬಂದಿರಲಿಲ್ಲ.

ವಿಲ್ಮಾಳ ತಂದೆ ಜೆರೋಮ್ ಮಾಸ್ಟ್ರು ತಮ್ಮೂರು ನೆಲ್ಲಿಪಲ್ಕೆಯ ಇಗರ್ಜಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಭಾನುವಾರ ಗಾಯನ ಮಂಡಳಿಗೂ ಅವರೇ ಗುರು. ತೊಂಬತ್ತೆರಡರಲ್ಲಿ ಫಾದರ್ ಸೆರಾವೊ ಆ ಕನ್ನಡ ಶಾಲೆ ಮುಚ್ಚಿ, ಅದೇ ಕಟ್ಟಡದಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಹೊರಟರು. ಮೀನುಗಾರರ ಮಕ್ಕಳು, ಬೀಡಿ ಕಟ್ಟುವವರ ಮಕ್ಕಳು ಎಲ್ಲಿಗೆ ಹೋಗಬೇಕು ಎಂದು ಮಾಸ್ಟ್ರು ಕೇಳಿದರು. ಉತ್ತರ ಸಿಗದಿದ್ದಾಗ ಇನ್ನೂರು ಜನರ ಸಹಿ ಹಾಕಿಸಿ ಬಿಷಪರಿಗೆ ಪತ್ರ ಬರೆದರು. ಮುಂದಿನ ಭಾನುವಾರವೇ ವಿಗಾರರು ಪ್ರವಚನದ ನಡುವೆ ಅವರ ಹೆಸರು ಹಿಡಿದು ಕೂಗಿದರು. ಮೂರು ಭಾನುವಾರ ಎಲ್ಲರೆದುರು ಮೊಣಕಾಲೂರಿ ಕ್ಷಮೆ ಕೇಳಬೇಕು, ಅಲ್ಲಿಯವರೆಗೆ ಪರಮಪ್ರಸಾದವೂ ಇಲ್ಲ, ಹಾಡುವಂತೆಯೂ ಇಲ್ಲ ಎಂದರು. ಮಾಸ್ಟ್ರು ಮೊಣಕಾಲೂರಲಿಲ್ಲ. ಶಾಲೆ ಮುಚ್ಚಿತು. ನಾಲ್ಕು ವರ್ಷ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿ ಕುಳಿತರು. ಒಂದು ದಿನ ಬಾವಿಕಟ್ಟೆಯಲ್ಲಿ ಎದೆ ಹಿಡಿದುಕೊಂಡು ಬಿದ್ದವರು ಮತ್ತೆ ಏಳಲಿಲ್ಲ.

ನೆಲ್ಲಿಪಲ್ಕೆಯಲ್ಲಿ ಯಾರಾದರೂ ಸತ್ತರೆ ಇಗರ್ಜಿಯ ಗಂಟೆಯನ್ನು ನಿಧಾನವಾಗಿ ಬಾರಿಸುತ್ತಾರೆ. ಹೊಲದಲ್ಲಿದ್ದವರು, ಹೊಳೆಯಲ್ಲಿದ್ದವರು ಕೆಲಸ ಬಿಟ್ಟು ಬರುತ್ತಾರೆ. ಅಂದು ಗಂಟೆ ಬಾರಿಸಲಿಲ್ಲ. ಹಗ್ಗ ಕಡಿದಿದೆ ಎಂದು ಇಗರ್ಜಿಯಿಂದ ಹೇಳಿ ಕಳಿಸಿದರು. ಮಾಸ್ಟ್ರನ್ನು ಮಣ್ಣು ಮಾಡಲು ಹನ್ನೊಂದೇ ಜನ ಬಂದಿದ್ದರು. ಹತ್ತೊಂಬತ್ತರ ವಿಲ್ಮಾ ಮಾರನೆಯ ದಿನ ಗಂಟೆಗೋಪುರದ ಕೆಳಗೆ ಹೋಗಿ ನೋಡಿದಳು. ಹಗ್ಗ ಗಟ್ಟಿಯಾಗಿಯೇ ಇತ್ತು. ಗಂಟೆ ಬಾರಿಸುವ ಮುದುಕ ಅವಳ ಕೈ ಹಿಡಿದುಕೊಂಡು, "ಯಾರಿಗೂ ಹೇಳ್ಬೇಡ ಮಗಾ, ನನ್ನ ಅನ್ನ ಹೋಗ್ತದೆ" ಎಂದ. ಅವಳು ಅಮ್ಮನಿಗೂ ಹೇಳಲಿಲ್ಲ; ಹಗ್ಗ ಕಡಿದದ್ದೇ ನಿಜ, ಗಂಡನ ಹಟವೇ ಹೆಚ್ಚಾಗಿತ್ತು, ವಿಗಾರರ ತಪ್ಪಿಲ್ಲ ಎಂದೇ ಲಿಲ್ಲಿ ನಂಬಿದ್ದಳು. ಮುಂದೆ ಮದುವೆಯಾದ ಗಂಡ ಗ್ಲಾಡ್ವಿನ್‌ಗೂ ಹೇಳಲಿಲ್ಲ.

ಶುಕ್ರವಾರ ಸಭಾಂಗಣ ತುಂಬಿತ್ತು. ನೇರಳೆ ಸೊಂಟಪಟ್ಟಿಯ ಎತ್ತರದ ಮನುಷ್ಯ ಒಳಗೆ ಬರುತ್ತಿದ್ದಂತೆ ಲಿಲ್ಲಿ ಜನರನ್ನು ಸರಿಸಿ ಮುಂದೆ ಹೋಗಿ ಅವರ ಉಂಗುರಕ್ಕೆ ಮುತ್ತಿಟ್ಟಳು. "ನಾನು ನೆಲ್ಲಿಪಲ್ಕೆಯ ಜೆರೋಮ್ ಮಾಸ್ಟ್ರ ಹೆಂಡತಿ, ಬಿಷಪ್ ಸ್ವಾಮಿ."

ಅವರು ಕ್ಷಣ ಯೋಚಿಸಿ ನಕ್ಕರು. "ಓ, ಜೆರೋಮ್! ಸ್ವರ ಒಳ್ಳೆಯದಿತ್ತು. ತಲೆ ಮಾತ್ರ ಕಲ್ಲು."

ಸುತ್ತಲಿದ್ದವರು ನಕ್ಕರು. ಲಿಲ್ಲಿಯೂ ನಕ್ಕಳು. ಅಮ್ಮನ ಆ ನಗು ಕಂಡು ವಿಲ್ಮಾಳ ಮೈ ಉರಿದುಹೋಯಿತು.

ಕನ್ನಡ ಸಂಘದ ಅಧ್ಯಕ್ಷ ಬಸವಂತ ಕಾರ್ಯಕ್ರಮ ನಡೆಸುತ್ತಿದ್ದ. ಬಾಗಲಕೋಟೆಯವನು, ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್. ಅವನು ಹೆಸರು ಕರೆದಾಗ ವಿಲ್ಮಾ ಹೋಗಿ ಸ್ಟೀಫನ್ ಟೈಪ್ ಮಾಡಿ ಕೊಟ್ಟಿದ್ದ ಹಾಳೆಯನ್ನು ಓದಿದಳು. ಹೆಂಚಿನ ಕಾರ್ಖಾನೆಯ ಕೂಲಿಯವನ ಮಗ. ಹದಿನಾಲ್ಕಕ್ಕೆ ಸೆಮಿನರಿ. ರೋಮಿನಲ್ಲಿ ಚರ್ಚ್ ಕಾನೂನಿನ ಓದು. ಐವತ್ತೊಂದಕ್ಕೆ ಬಿಷಪ್, ಅರವತ್ತಕ್ಕೆ ಉತ್ತರ ಭಾರತದಲ್ಲಿ ಆರ್ಚ್‌ಬಿಷಪ್. "ನೆಲ್ಲಿಪಲ್ಕೆಯಲ್ಲಿ ಆರು ವರ್ಷ ಶಿಕ್ಷಣ ಕ್ರಾಂತಿ ಮಾಡಿದರು" ಎಂಬ ಸಾಲು ಓದಿ ಅವಳು ನಿಂತಳು. ಹಾಳೆಯನ್ನು ಮಡಚಿದಳು.

"ಇದರಲ್ಲಿ ಬರೆಯದ ಒಂದು ಸಂಗತಿ ಉಂಟು" ಎಂದಳು. ಶಾಲೆ, ಇನ್ನೂರು ಸಹಿ, ನಾಲ್ಕು ವರ್ಷ ಪ್ರಸಾದವಿಲ್ಲದ ಬಾಯಿ, ಹನ್ನೊಂದು ಜನ. ಒಂದೂ ಬಿಡದೆ ಹೇಳಿದಳು. "ಹಗ್ಗ ಕಡಿದಿರಲಿಲ್ಲ. ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಗಂಟೆ ನಿಲ್ಲಿಸಿದ್ದು ಯಾರು ಅಂತ ಇವತ್ತು ಇವರೇ ಹೇಳ್ಲಿ."

ಸ್ಟೀಫನ್ ವೇದಿಕೆಗೆ ಓಡಿ ಬಂದು ಮೈಕಿಗೆ ಕೈ ಹಾಕಿದ. "ಖಲಾಸ್, ಸಾಕು ವಿಲ್ಮಾ ಬಾಯಿ! ಮರ್ಯಾದೆ ಬೇಡ್ವಾ ನಿಮಗೆ?"

ಬಸವಂತ ಅವನ ತೋಳು ಹಿಡಿದ. "ಬಿಡ್ರಿ ಸ್ಟೀಫನ್. ಅಕ್ಕಾರು ಕೇಳ್ಯಾರ. ಉತ್ರ ಕೊಡೂದು ಬಿಡೂದು ಸ್ವಾಮಿಗೋಳಿಗೆ ಬಿಟ್ಟದ್ದು."

ಹಿಂದಿನ ಸಾಲಿನಿಂದ ಯಾರೋ "ಇಳಿಸಿ ಅವಳನ್ನು" ಎಂದು ಕೂಗಿದರು. ಗ್ಲಾಡ್ವಿನ್ ತಲೆ ತಗ್ಗಿಸಿ ಕುಳಿತಿದ್ದ. ಆರ್ಚ್‌ಬಿಷಪ್ ಕೈ ಎತ್ತಿದ ಕೂಡಲೇ ಗದ್ದಲ ನಿಂತಿತು. ಅವರು ಎದ್ದು ಬಂದು ಮೈಕ್ ತೆಗೆದುಕೊಂಡರು. ಮುಖದಲ್ಲಿ ಸಿಟ್ಟು ಇರಲಿಲ್ಲ.

"ಹಗ್ಗ ಕಡಿದಿರಲಿಲ್ಲ. ಬಾರಿಸಬೇಡ ಎಂದದ್ದು ನಾನು. ಇಗರ್ಜಿಯ ಮಾತು ಬೇಡವಾದವನಿಗೆ ಇಗರ್ಜಿಯ ಗಂಟೆ ಯಾಕೆ? ಶಿಸ್ತು ಇಲ್ಲದೆ ಧರ್ಮಸಭೆ ಎರಡು ಸಾವಿರ ವರ್ಷ ಉಳಿದಿಲ್ಲ. ಇವತ್ತಾಗಿದ್ದರೂ ಅದನ್ನೇ ಮಾಡುತ್ತಿದ್ದೆ." ಆಮೇಲೆ ವಿಲ್ಮಾಳ ಕಡೆ ತಿರುಗಿದರು. "ಅಪ್ಪನ ಮಗಳೇ ನೀನು. ಸಂಶಯ ಇಲ್ಲ."

"ಹೌದು" ಎಂದಳು ವಿಲ್ಮಾ.

ಮೊದಲ ಸಾಲಿನಲ್ಲಿ ಲಿಲ್ಲಿ ಎದ್ದು ನಿಂತಿದ್ದಳು. "ನಾನೊಂದು ಕೇಳ್ತೇನೆ ಸ್ವಾಮಿ. ಸತ್ತ ಮೇಲೆ ಅವರು ನಿಮಗೆ ಎಂತ ಮಾಡ್ತಿದ್ರು?"

ಅವರು ಕುರ್ಚಿಗೆ ಹೋಗಿ ಕುಳಿತು ಕಾರ್ಯಕ್ರಮ ಮುಂದುವರಿಸಲು ಸನ್ನೆ ಮಾಡಿದರು. ಶಾಲು, ಹಾರ, ಫೋಟೋ ಎಲ್ಲ ನಡೆಯಿತು. ಲಿಲ್ಲಿ ಗೋಡೆ ಹಿಡಿದುಕೊಂಡು ಹೊರಗೆ ನಡೆದಳು. ಉರಿಬಿಸಿಲಿನಲ್ಲಿ ಕಾರಿನ ಪಕ್ಕ ನಿಂತಿದ್ದವಳನ್ನು ಗ್ಲಾಡ್ವಿನ್ ಓಡಿ ಬಂದು ಒಳಗೆ ಕೂರಿಸಿದ.

"ಊರಿಗೆ ಹೋದ್ರೆ ಯಾವ ಮುಖ ಇಟ್ಕೊಂಡು ಇಗರ್ಜಿ ಮೆಟ್ಟಿಲು ಹತ್ತೋದು?" ಎಂದು ಅವನು ದಾರಿಯುದ್ದಕ್ಕೂ ಬೈದ. ಮೂವತ್ತು ವರ್ಷ ಮುಚ್ಚಿಹೋಗಿದ್ದ ಮಾತನ್ನು ಆ ಮನುಷ್ಯ ಮೈಕಿನಲ್ಲೇ ಒಪ್ಪಿಕೊಂಡಿದ್ದರು. ಅದರಿಂದ ಹಗುರಾಗುತ್ತದೆ ಎಂದು ವಿಲ್ಮಾ ಅಂದುಕೊಂಡಿದ್ದಳು, ಆಗಲಿಲ್ಲ. ಅವರು ಒಂದಿಷ್ಟು ನಾಚಿಕೊಂಡಿದ್ದರೆ ಸಾಕಿತ್ತು.

ಲಿಲ್ಲಿ ಮಗಳೊಡನೆ ಮೂರು ದಿನ ಮಾತಾಡಲಿಲ್ಲ. ಬಡಿಸಿಟ್ಟ ಗಂಜಿ ಹಾಗೆಯೇ ಆರಿಹೋಗುತ್ತಿತ್ತು. ನಾಲ್ಕನೆಯ ದಿನ ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ನಿನಗೆ ಗೊತ್ತಿತ್ತು."

"ಹೌದಮ್ಮ."

"ಗೊತ್ತಿದ್ದೂ ನಾನು ಅವನಿಗೆ ಕಾರ್ಡ್ ಬರೀಲಿಕ್ಕೆ ಬಿಟ್ಟಿ. ಅಂಚೆಗೆ ಹಾಕಿದ್ದೂ ನೀನೇ. ಅವನಿಗಿಂತ ನೀನು ಎಂತ ಕಮ್ಮಿ?"

ವಿಲ್ಮಾ ಸೌಟು ಕೆಳಗಿಟ್ಟಳು. ನಿನಗೆ ನೋವಾಗಬಾರದು ಅಂತ, ಎನ್ನಲು ಹೋದಳು. ಆ ಮಾತು ತನಗೇ ಸುಳ್ಳೆನಿಸಿತು. ಆಗ ಹೆದರಿದ್ದಳು. ಆಮೇಲೆ ಸುಮ್ಮನಿರುವುದೇ ಅಭ್ಯಾಸವಾಗಿತ್ತು.

"ತಪ್ಪಾಯ್ತು ಅಮ್ಮ" ಎಂದಳು.

ಲಿಲ್ಲಿ ಒಳಗೆ ಬಂದು ಒಲೆ ಆರಿಸಿದಳು. "ಈ ಶುಕ್ರವಾರದ ಪೂಜೆ ಪಪ್ಪನ ಆತ್ಮಕ್ಕೆ ಅಂತ ಇಗರ್ಜಿಯಲ್ಲಿ ಬರೆಸು. ಹೆಸರನ್ನು ಫಾದರ್ ಗಟ್ಟಿಯಾಗಿ ಓದ್ಬೇಕು ಅಂತ ಹೇಳು. ಗೊಣಗಿದ್ರೆ ನಾನೇ ಎದ್ದು ನಿಂತು ಹೇಳ್ತೇನೆ."

ವಿಲ್ಮಾ ಮರುದಿನ ಇಗರ್ಜಿಯ ಆಫೀಸಿಗೆ ಹೋದಳು. ಪೂಜೆಯಲ್ಲಿ ಬೈಬಲ್ ವಾಚನ ಓದುವವರ ಪಟ್ಟಿಯಿಂದ ಅವಳ ಹೆಸರನ್ನು ಆಗಲೇ ಹೊಡೆದುಹಾಕಿದ್ದರು. ಮೇಜಿನ ಹಿಂದೆ ಸ್ಟೀಫನ್ ಕುಳಿತಿದ್ದ.

"ಜೆರೋಮ್ ಮಾಸ್ಟ್ರು, ನೆಲ್ಲಿಪಲ್ಕೆ" ಎಂದಳು. "ಊರಿನ ಹೆಸರೂ ಓದ್ಬೇಕು."

ಸ್ಟೀಫನ್ ತಲೆ ಎತ್ತದೆಯೇ ಬರೆದುಕೊಂಡ.