ಗುರುವಾರದ ಪಿಟೀಲು

ಶವದ ಪೆಟ್ಟಿಗೆಯ ಗಾಜಿನ ಮೇಲೆ ಸುಗಂಧರಾಜದ ಹಾರ ಇಡುತ್ತಿದ್ದ ರಂಜಿನಿಯ ಮುಂಗೈಯನ್ನು ಮುದುಕಿಯೊಬ್ಬಳು ಗಟ್ಟಿಯಾಗಿ ಹಿಡಿದುಕೊಂಡಳು. ತೀರಿಕೊಂಡ ಗೆಳತಿ ಮುನಿಲಕ್ಷ್ಮಿಯ ಅತ್ತೆ, ಮುನಿತಾಯಮ್ಮ.

“ಬಂದ್ಯಾ ತಾಯಿ? ಮೊನ್ನೆ ಗುರುವಾರ ನೀನು ಬಂದಾಗ ಚೆನ್ನಾಗೇ ಇದ್ಲಲ್ಲ. ಇಬ್ರೂ ಕೂತು ಬಾರಿಸಿದ್ರಲ್ಲ.”

ಮುದುಕಿಗೆ ಎಂಬತ್ತು ದಾಟಿದೆ, ಯಾರನ್ನೋ ಯಾರೋ ಅಂದುಕೊಂಡಿದ್ದಾಳೆ ಎಂದುಕೊಂಡು ರಂಜಿನಿ ಮೆಲ್ಲನೆ ಕೈ ಬಿಡಿಸಿಕೊಂಡಳು. ಚಂದ್ರಾ ಲೇಔಟಿನ ಈ ಮನೆಯ ಹೊಸ್ತಿಲು ತುಳಿದು ಅವಳಿಗೆ ಹತ್ತು ವರ್ಷದ ಮೇಲಾಗಿತ್ತು. ಬೆಳಿಗ್ಗೆ ಸುದ್ದಿ ತಿಳಿದು ಕೆಂಗೇರಿಯಿಂದ ಮೆಟ್ರೋ ಹತ್ತಿ ಬಂದವಳು, ಅಡ್ಡರಸ್ತೆ ಯಾವುದೆಂದು ಮರೆತು, ಶಾಮಿಯಾನ ನೋಡಿ ಮನೆ ಗುರುತಿಸಿದ್ದಳು.

ನಿದ್ದೆಯಲ್ಲೇ ಹೃದಯ ನಿಂತಿತಂತೆ. ಗಾಜಿನೊಳಗೆ ಮುನಿಲಕ್ಷ್ಮಿಯ ತುಟಿಯ ಒಂದು ಮೂಲೆ ಕೊಂಚ ಮೇಲೆದ್ದಿತ್ತು. ವೇದಿಕೆಯ ಮೇಲೆ ಯಾರಾದರೂ ತಾಳ ತಪ್ಪಿದಾಗ ನಗು ತಡೆದುಕೊಳ್ಳುತ್ತಿದ್ದಳಲ್ಲ, ಹಾಗೆ.

ಗೇಟಿನಾಚೆ ತಮಟೆಯವರು ಕಾಗದ ಉರಿಸಿ ತಮಟೆ ಕಾಯಿಸುತ್ತಿದ್ದರು. ಮಹಡಿ ಮೇಲಿನ ಬಾಡಿಗೆಯ ಹುಡುಗಿ ಬಿಂದುಶ್ರೀ, ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ನೀರಿನ ಲೋಟ ತಂದುಕೊಟ್ಟಳು.

“ವಯೋಲಿನ್ ಆಂಟಿ ನೀವೇ ಅಲ್ವಾ? ಗುರುವಾರ ಮಧ್ಯಾಹ್ನ ನೀವು ಶುರು ಮಾಡಿದ್ರೆ ಸಾಕು, ಇವ್ನು ಮಲಗ್ಬಿಡ್ತಾನೆ.”

“ಅದು ಕೀಬೋರ್ಡಮ್ಮ. ಅದ್ರಲ್ಲೇ ವಯೋಲಿನ್ ಸೌಂಡೂ ಬರತ್ತೆ,” ಎಂದಳು ರಂಜಿನಿ.

“ಕೀಬೋರ್ಡೂ ಕೇಳ್ತಿತ್ತು ಆಂಟಿ, ಎರಡೂ ಒಟ್ಟಿಗೆ. ನೀವಿಬ್ರೂ ಜಗಳ ಆಡೋದೂ ಕೇಳ್ಸೋದು. ‘ನನ್ನ ಬಿಟ್ಟು ಓಡ್ಬೇಡ ಕಣೇ’ ಅಂತ ಬೈತೀರಲ್ಲ ನೀವು.”

ರಂಜಿನಿ ಕುಡಿಯದೆಯೇ ಲೋಟ ಕೆಳಗಿಟ್ಟಳು. ಹಿಂದೆ ಒಟ್ಟಿಗೆ ನುಡಿಸುವಾಗ ಮುನಿಲಕ್ಷ್ಮಿ ಲಯ ಏರಿಸಿದಾಗಲೆಲ್ಲ ತಾನು ಬೈಯುತ್ತಿದ್ದುದು ಹಾಗೆಯೇ.

* * *

ಇಬ್ಬರೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ ರಾಜಾಜಿನಗರದ ಹೆಣ್ಣುಮಕ್ಕಳ ಆರ್ಕೆಸ್ಟ್ರಾ ಒಂದನ್ನು ಸೇರಿದ್ದರು. ಮುನಿಲಕ್ಷ್ಮಿಯದು ಕೀಬೋರ್ಡು, ರಂಜಿನಿಯದು ಪಿಟೀಲು. ಒಂದು ಸಂಜೆ ಬಸವೇಶ್ವರನಗರದ ರಾಜ್ಯೋತ್ಸವದಲ್ಲಿ ಹಾಡಿನ ನಡುವೆ ಕರೆಂಟು ಹೋಯಿತು. ಮೈಕು ಸತ್ತಿತು, ಕೀಬೋರ್ಡು ಮೂಕವಾಯಿತು, ಜನ ಸಿಳ್ಳೆ ಹಾಕಿದರು. ರಂಜಿನಿ ಕಮಾನು ಕೆಳಗಿಳಿಸಿದಳು.

“ನಿಲ್ಲಿಸ್ಬೇಡ ಕಣೇ. ನಾನಿದೀನಿ,” ಎಂದಳು ಮುನಿಲಕ್ಷ್ಮಿ.

ರಂಜಿನಿ ಮತ್ತೆ ನುಡಿಸಿದಳು. ಪಕ್ಕದಲ್ಲಿ, ಸ್ವರವಿಲ್ಲದ ಕೀಲಿಗಳ ಮೇಲೆ ಗೆಳತಿಯ ಬೆರಳು ಟಕಟಕ ಓಡುತ್ತಿದ್ದುದು ಹಾಡು ಮುಗಿಯುವವರೆಗೂ ಕೇಳಿಸುತ್ತಿತ್ತು.

ಮದುವೆಗಳಾದವು, ಆರ್ಕೆಸ್ಟ್ರಾ ಚದುರಿತು. ರಂಜಿನಿಯ ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದರು. ಪಿಟೀಲು ಅಟ್ಟ ಸೇರಿತು. ಮುನಿಲಕ್ಷ್ಮಿಯ ಗಂಡ ಕೃಷ್ಣಪ್ಪ ತೀರಿಕೊಂಡಾಗಲೂ ರಂಜಿನಿಗೆ ಮನೆ ಬಿಟ್ಟು ಬರಲಾಗಲಿಲ್ಲ. ಆಮೇಲೆ ಮುನಿಲಕ್ಷ್ಮಿ ಫೋನ್ ಮಾಡತೊಡಗಿದಳು.

“ಗುರುವಾರ ಬಾರೇ. ಒಂದು ಗಂಟೆ ಸಾಕು. ಒಬ್ಳೇ ನುಡಿಸಕ್ಕೆ ಆಗ್ತಿಲ್ಲ.”

“ಈ ವಾರ ಆಗಲ್ಲ ಕಣೇ. ಮುಂದಿನ ಗುರುವಾರ ಖಂಡಿತ ಬರ್ತೀನಿ.”

ಎಷ್ಟೋ ಗುರುವಾರಗಳು ಹೀಗೇ ಕಳೆದವು. ಕೊನೆಗೊಮ್ಮೆ ಮುನಿಲಕ್ಷ್ಮಿ, “ಆಯ್ತು ಬಿಡು. ನೀನು ಬಂದೇ ಬರ್ತೀಯ,” ಎಂದು ಫೋನಿಟ್ಟಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಮತ್ತೆಂದೂ ಅವಳು ಕರೆಯಲಿಲ್ಲ. ಮುನಿಸಿಕೊಂಡಿದ್ದಾಳೆ ಎಂದುಕೊಂಡ ರಂಜಿನಿ ತಾನೂ ಕರೆಯಲಿಲ್ಲ.

* * *

ತಮಟೆಯ ಸದ್ದು ರಸ್ತೆಯ ತಿರುವು ದಾಟಿತು. ಗಂಡಸರು ಶವದ ಹಿಂದೆ ಹೋದರು, ಉಳಿದ ಹೆಂಗಸರು ನೀರು ಹೊಯ್ದು ಮನೆ ತೊಳೆಯತೊಡಗಿದರು. ಮುನಿಲಕ್ಷ್ಮಿಯ ಮಗಳು ಕವನಾ ರಂಜಿನಿಯನ್ನು ಒಳಕೋಣೆಗೆ ಕರೆದೊಯ್ದಳು.

ಕಿಟಕಿಯ ಪಕ್ಕ ಕೀಬೋರ್ಡು. ಅದರೆದುರು ನೆಲದ ಮೇಲೊಂದು ಈಚಲು ಚಾಪೆ. ನಡುವೆ, ಒಬ್ಬರು ಕಾಲು ಮಡಿಚಿ ಕೂರುವಷ್ಟು ಜಾಗದಲ್ಲಿ, ಚಾಪೆ ಸವೆದು ಎಳೆ ಬಿಟ್ಟಿತ್ತು.

“ನಾನು ಕೆಲಸದಿಂದ ಬರೋಷ್ಟರಲ್ಲಿ ನೀವು ಹೊರಟೋಗಿರ್ತಿದ್ರಿ,” ಎಂದಳು ಕವನಾ. “ನೀವು ಕುಡಿದಿಟ್ಟ ಕಾಫಿ ಲೋಟ ನಾನೇ ತೊಳೀತಿದ್ದೆ. ಅಪ್ಪ ಹೋದ್ಮೇಲೆ ಅಮ್ಮ ಬದುಕಿದ್ದೇ ನಿಮ್ಮಿಂದ ಆಂಟಿ.”

ನಾನು ಬರಲೇ ಇಲ್ಲಮ್ಮ ಎಂದು ಹೇಳಲು ರಂಜಿನಿ ಬಾಯಿ ತೆರೆದಳು. ಅಷ್ಟರಲ್ಲಿ ಕವನಾ ಅವಳ ಕೈ ಹಿಡಿದುಕೊಂಡಳು.

“ಒಂದು ವಾರದಿಂದ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ರು. ಹಂಗೇ ಹೋಗ್ಬಿಟ್ರು. ಗುರುವಾರ ನಿಮ್ಮತ್ರ ನನ್ನ ವಿಷಯ ಏನಾದ್ರೂ ಅಂದ್ರಾ?”

ಹುಡುಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಏನಾದರೊಂದು ಸಮಾಧಾನದ ಮಾತು ಹೇಳೋಣ ಎನ್ನಿಸಿತು ರಂಜಿನಿಗೆ.

“ಅಂದ್ಲು ಕಣಮ್ಮ. ರೇಗಿದ್ದು ತಪ್ಪಾಯ್ತು ಅಂದ್ಲು. ಕಲ್ಮೇಶ್ ಒಳ್ಳೆ ಹುಡುಗ, ಧಾರವಾಡಕ್ಕೆ ಹೋಗಿ ಅವರಮ್ಮನ ಹತ್ರ ನಾನೇ ಮಾತಾಡ್ತೀನಿ ಅಂದ್ಲು.”

ಕವನಾ ಅವಳ ಹೆಗಲಿಗೆ ಹಣೆಯಿಟ್ಟು, ಆ ದಿನವೆಲ್ಲ ಅಳದಿದ್ದವಳು ಅತ್ತಳು.

“ಆ ಹೆಸ್ರು ಅಮ್ಮಂಗೆ ಬಿಟ್ಟು ಯಾರಿಗೂ ಹೇಳಿರ್ಲಿಲ್ಲ ಆಂಟಿ. ಅಜ್ಜಿಗೂ ಗೊತ್ತಿಲ್ಲ.”

ರಂಜಿನಿಗೂ ಗೊತ್ತಿರಲಿಲ್ಲ. ಆ ಹೆಸರನ್ನು ಅವಳು ತನ್ನ ಬಾಯಿಂದಲೇ ಮೊದಲ ಸಲ ಕೇಳಿದ್ದಳು. ಬೆನ್ನ ಮೇಲೆ ತಣ್ಣನೆಯ ಗಾಳಿ ಸುಳಿದಂತಾಯಿತು. ಕಿಟಕಿ ಮುಚ್ಚಿಯೇ ಇತ್ತು. ಮಾತಾಡಿದರೆ ಇನ್ನೇನು ಹೊರಬರುತ್ತದೋ ಎಂದು ಹೆದರಿ, ತುಟಿ ಬಿಗಿದುಕೊಂಡು ಹುಡುಗಿಯ ತಲೆ ಸವರಿದಳು.

ಸಾವಿನ ಮನೆಯಿಂದ ‘ಬರ್ತೀನಿ’ ಎನ್ನದೆ ಹೊರಡಬೇಕು. ಹಾಗೇ ಹೊರಟಳು. ಕೈಕಾಲಿಗೆ ನೀರು ಹಾಕಿಕೊಳ್ಳಲು ಅಂಗಳದ ನಲ್ಲಿಯ ಕೆಳಗೆ ಕೈಯೊಡ್ಡಿದಾಗ ಎಡಗೈ ಚುರ್ರೆಂದಿತು. ತಿರುಗಿಸಿ ನೋಡಿದಳು. ನಾಲ್ಕೂ ಬೆರಳ ತುದಿಗಳಲ್ಲಿ ತಂತಿ ಒತ್ತಿದ ಗೆರೆಗಳು, ಈಗ ತಾನೇ ನುಡಿಸಿ ಎದ್ದವರ ಕೈಯಲ್ಲಿರುವಂತೆ ಆಳವಾಗಿ, ಕೆಂಪಗೆ.